ಹರಣ ಅಂದರೆ?

ಸಂಜೆ ಅಕ್ಕನ ಮಗಳು ಲೆಕ್ಕದ ಪುಸ್ತಕ ಹಿಡಿದು ಬಂದಳು. "ಮಾವ, ಹರಣ ಅಂದರೆ ಸೀತಾಪಹರಣದ್ದಾ?"

ನನಗೂ ತಕ್ಷಣ ಹೊಳೆಯಲಿಲ್ಲ. ನಮ್ಮ ಕಾಸರಗೋಡಿನಲ್ಲಿ ಇವಳ ಕನ್ನಡ ಮಾಧ್ಯಮದ ಕ್ಲಾಸಿಗೆ ಬಂದ ಹೊಸ ಟೀಚರಿಗೆ ಕನ್ನಡ ಬರುವುದಿಲ್ಲ, ಮಲಯಾಳದಲ್ಲೇ ಹೇಳಿಕೊಡುತ್ತಾರೆ. ಮಲಯಾಳದಲ್ಲಿ ಹರಣ ಅಂದರೆ ಭಾಗಾಕಾರ. ಇವಳಿಗೆ ಹರಣ ಅಂದರೆ ಯಕ್ಷಗಾನದ ರಾವಣ.

12 ಹುಣಸೆಬೀಜ ಕೊಟ್ಟು, 3 ಜನಕ್ಕೆ ಸಮ ಪಾಲು ಮಾಡು ಅಂದೆ. ಥಟ್ಟನೆ ನಾಲ್ಕು ನಾಲ್ಕು ಇಟ್ಟಳು. "ಇಷ್ಟೇನಾ!"

ಲೆಕ್ಕ ಬರುತ್ತದೆ ಅವಳಿಗೆ. ಬರುವುದಿಲ್ಲ ಅಂದುಕೊಂಡು ವಾರವಿಡೀ ಸುಮ್ನೆ ಕೂತಿದ್ದಳು, ಅದೇ ಸಂಕಟ. ಟೀಚರನ್ನು ದೂರುವುದಿಲ್ಲ, ಪಾಪ, ದೂರದಿಂದ ಬಂದವರು. ಮಲಯಾಳವನ್ನೂ ಇವಳು ಕಲಿಯಲಿ. ಆದರೆ ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರಲ್ಲಿ. ಕನ್ನಡ ಮಾಧ್ಯಮದ ಕ್ಲಾಸಿಗೆ ಕನ್ನಡ ಬರುವ ಟೀಚರ್ ಕೊಡಿ ಅಂತ ಇನ್ನೂ ಕೇಳುತ್ತಲೇ ಇದ್ದೇವೆ, ಅಲ್ವಾ?

ಬೀಜಗಳು ಅವಳ ಪೆನ್ಸಿಲ್ ಡಬ್ಬಿಯಲ್ಲಿವೆ. ನಾಳೆ ಶಾಲೆಗೆ ಒಯ್ಯುತ್ತಾಳಂತೆ.