ಸಿಲಬಸ್‌ನಲ್ಲಿಲ್ಲ, ಕೂತ್ಕೋ

ಈ ವಾರ ಕೋಲಾರದಲ್ಲಿ ಪಿಯು ಅರ್ಥಶಾಸ್ತ್ರ ಉಪನ್ಯಾಸಕರಿಗೆ ತರಬೇತಿ ಇತ್ತು. ಕಾಲೇಜಿಗೆ ಹೋಗದಿದ್ದರೂ ಹಾಜರಿ ಬೀಳುವ ಓಓಡಿ ಸಿಗುತ್ತದೆ, ಊಟ ಇರುತ್ತದೆ, ಹಳೇ ಸ್ನೇಹಿತರು ಬಂದಿರುತ್ತಾರೆ, ಅಷ್ಟಕ್ಕೇ ಹೋಗಿದ್ದೆ. 22 ವರ್ಷ ಪಾಠ ಮಾಡಿದವನಿಗೆ ಇನ್ನೇನು ಹೇಳಿಕೊಡ್ತಾರೆ ಅನ್ನೋ ಕೊಬ್ಬೂ ಇತ್ತು, ಸುಳ್ಳು ಯಾಕೆ ಹೇಳಲಿ.

ಸಂಪನ್ಮೂಲ ವ್ಯಕ್ತಿಯಾಗಿ ಬಂದವರು ನಿವೃತ್ತ ಮೇಡಂ ಒಬ್ಬರು. ಪಿಪಿಟಿ ಇಲ್ಲ, ಪೆನ್‌ಡ್ರೈವ್ ಇಲ್ಲ. ಬಂದವರೇ ನನ್ನ ಕಡೆ ನೋಡಿ, 'ಸರ್, ಬೇಡಿಕೆ ನಿಯಮ ಪಾಠ ಮಾಡಿ, ನಾನು ಸ್ಟೂಡೆಂಟು' ಎಂದು ಕೊನೇ ಬೆಂಚಿನಲ್ಲಿ ಕೂತರು. ಮಾಡಿದೆ. ಇತರ ಅಂಶಗಳು ಸ್ಥಿರವಾಗಿದ್ದಾಗ ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆ, ಎಡದಿಂದ ಬಲಕ್ಕೆ ಇಳಿಯುವ ಗೆರೆ. ಕಣ್ಣು ಮುಚ್ಚಿಕೊಂಡು ಬರೆಯಬಲ್ಲೆ.

ಮೇಡಂ ಎದ್ದು ನಿಂತರು. 'ಸರ್, ಹೋದ ಸಲ ಟೊಮೆಟೊ ರೇಟು ಚೆನ್ನಾಗಿತ್ತು ಅಂತ ನಮ್ಮಪ್ಪ ಸಾಲ ಮಾಡಿ ಎರಡು ಎಕರೆ ಹಾಕಿದ್ರು. ಈ ಸಲ ಕಿತ್ತ ಕೂಲೀನೂ ಹುಟ್ಟಲಿಲ್ಲ. ಇದು ಯಾವ ಪಾಠದಲ್ಲಿ ಬರುತ್ತೆ ಸರ್?'

'ಅದು ಸಿಲಬಸ್‌ನಲ್ಲಿಲ್ಲ, ಕೂತ್ಕೋ.'

ದೇವರಾಣೆ, ಯೋಚಿಸಿ ಹೇಳಿದ್ದಲ್ಲ. ಬಾಯಿ ತಾನಾಗಿ ಆಡಿತು. ಅಷ್ಟು ಹಿರಿಯರಿಗೆ 'ಕೂತ್ಕೋ' ಅಂದಿದ್ದೆ! ಹಾಲ್ ಗೊಳ್ಳೆಂದು ನಕ್ಕಿತು. ಮೇಡಂ ನಗಲಿಲ್ಲ, ಸಿಟ್ಟೂ ಆಗಲಿಲ್ಲ, ಸುಮ್ನೆ ಕೂತರು. ಆ ಕೂತ ರೀತಿ ಇದೆಯಲ್ಲ, ತಲೆ ಸ್ವಲ್ಪ ತಗ್ಗಿಸಿ, ನೋಟ್‌ಬುಕ್ ಮೇಲೆ ಕೈಯಿಟ್ಟು, ಅದು ನಮ್ಮ ಮಕ್ಕಳು ಕೂರುವ ರೀತಿಯೇ.

ಊಟದ ಹೊತ್ತಿಗೆ ಕ್ಷಮೆ ಕೇಳಲು ಹೋದೆ. 'ಅಯ್ಯೋ ಬಿಡಿ ಸರ್, ನಾನೂ ಎಷ್ಟು ಮಕ್ಕಳನ್ನ ಕೂರಿಸಿದೀನೋ' ಎಂದು ಉಪ್ಪಿನಕಾಯಿ ನನ್ನ ಕಡೆ ಸರಿಸಿದರು.

ಮಧ್ಯಾಹ್ನ ಎಲ್ಲರಿಗೂ ಚೀಟಿ ಕೊಟ್ಟರು. ಟೊಮೆಟೊ 15 ಕೆಜಿ ಬಾಕ್ಸಿಗೆ 2,000 ರೂಪಾಯಿ ದಾಟಿದೆ, ಮುಂದಿನ ಬೆಳೆಗೆ ಎಷ್ಟು ಎಕರೆ ಹಾಕುತ್ತೀರಿ ಬರೆಯಿರಿ ಅಂತ. ಕಟ್ಟುಕಥೆ ಏನಲ್ಲ, 2023ರ ಜುಲೈನಲ್ಲಿ ಕೋಲಾರದ ಮಂಡಿಯಲ್ಲಿ ನಿಜಕ್ಕೂ ದಾಟಿತ್ತು. ಎಂ.ಎ. ಓದಿದ ನಾವು 40 ಜನ, ಒಬ್ಬರನ್ನು ಬಿಟ್ಟು ಎಲ್ಲರೂ ಜಾಸ್ತಿ ಜಾಸ್ತಿ ಬರೆದೆವು. 'ಸರಿ, ಎಲ್ಲರ ಟೊಮೆಟೊನೂ ಒಂದೇ ವಾರ ಮಂಡಿಗೆ ಬಂತು. ಈಗ ಹರಾಜು ಕೂಗಿ' ಎಂದರು.

ಯಾರೂ ಕೂಗಲಿಲ್ಲ.

ಆಮೇಲೆ ಬೋರ್ಡಿಗೆ ಹೋದರು. ಈ ಸಲದ ಬೆಲೆ ನೋಡಿ ಮುಂದಿನ ಸಲದ ನಾಟಿ, ಪೂರೈಕೆ ಹೆಚ್ಚಿ ಬೆಲೆ ಕುಸಿತ, ಕುಸಿದಿದ್ದಕ್ಕೆ ನಾಟಿ ಕಡಿಮೆ, ಮತ್ತೆ ಬೆಲೆ ಏರಿಕೆ. ಬೇಡಿಕೆ, ಪೂರೈಕೆ ರೇಖೆಗಳ ನಡುವೆ ಅಡ್ಡ, ಉದ್ದ, ಅಡ್ಡ, ಉದ್ದ ಗೆರೆ ಎಳೆಯುತ್ತಾ ಹೋದರೆ ಜೇಡರ ಬಲೆ. 1934ರಲ್ಲಿ ನಿಕೋಲಸ್ ಕಾಲ್ಡೋರ್ ಇದಕ್ಕೆ ಇಟ್ಟ ಹೆಸರೂ ಅದೇ. ಎಂ.ಎ.ಯಲ್ಲಿ ಇದನ್ನು ಬರೆದು ಒಳ್ಳೇ ಅಂಕ ತೆಗೆದವನು ನಾನು, ದಿನಾ ಟೊಮೆಟೊ ಲಾರಿಗಳ ಹಿಂದೆ ಬಸ್ಸಿನಲ್ಲಿ ಕೂತು ಕಾಲೇಜಿಗೆ ಹೋಗುವವನು, ರಸ್ತೆ ಬದಿ ಸುರಿದ ಹಣ್ಣಿನ ರಾಶಿ ನೋಡಿ 'ಛೆ ಪಾಪ' ಅಂದವನು, ಕ್ಲಾಸಿನಲ್ಲಿ ಒಂದು ಸಲವೂ ಈ ಬಲೆ ಬರೆದಿರಲಿಲ್ಲ.

ಪಕ್ಕದಲ್ಲಿದ್ದ ಮಿತ್ರರು, 'ಇದಕ್ಕೆ ಪ್ರಶ್ನೆಪತ್ರಿಕೆಯ ಬ್ಲೂಪ್ರಿಂಟ್‌ನಲ್ಲಿ ಎಷ್ಟು ಮಾರ್ಕ್ಸು?' ಎಂದು ನನ್ನ ಕಿವಿಯಲ್ಲಿ ಕೇಳಿದರು. ಅವರದು ಪ್ರತಿ ವರ್ಷ ನೂರಕ್ಕೆ ನೂರು ರಿಸಲ್ಟು. ನನಗಿಂತ ಜಾಸ್ತಿ ಮಕ್ಕಳನ್ನು ಕೂರಿಸಿರುತ್ತಾರೆ, ಬಿಡಿ.

ವಾಪಸ್ ಬರುವಾಗ ಬಸ್ಸಿನಲ್ಲಿ ಒಬ್ಬಳು ನೆನಪಾದಳು. ಅದೇ 2023. ಬದಲಿ ಸರಕು ಹೇಳಿಕೊಡುತ್ತಿದ್ದೆ, ಟೊಮೆಟೊ ದುಬಾರಿಯಾದರೆ ಜನ ಹುಣಸೆಹಣ್ಣಿಗೆ ಹೋಗುತ್ತಾರೆ ಅಂತ. ಎದ್ದು ನಿಂತಳು. 'ಸರ್, ನಮ್ಮ ತೋಟದಲ್ಲೇ ಟೊಮೆಟೊ ಇದೆ. ಆದ್ರೂ ಅಮ್ಮ ಸಾರಿಗೆ ಹುಣಸೆಹಣ್ಣೇ ಹಾಕೋದು. ಒಂದು ಹಣ್ಣೂ ಮುಟ್ಟೋಕೆ ಬಿಡಲ್ಲ.'

ಕ್ಲಾಸ್ ನಕ್ಕಿತು. ಆ ತಾಯಿ ಒಂದೊಂದು ಹಣ್ಣಿಗೂ ಮಂಡಿ ರೇಟು ಹಿಡಿದು ಲೆಕ್ಕ ಹಾಕಿದ್ದಳು. ಒಂದನ್ನು ಆರಿಸಿಕೊಂಡಾಗ ಕೈಬಿಟ್ಟ ಇನ್ನೊಂದರ ಬೆಲೆ, ಅವಕಾಶ ವೆಚ್ಚ. ಅದು ಸಿಲಬಸ್‌ನಲ್ಲೇ ಇತ್ತು, ಮೊದಲನೇ ಅಧ್ಯಾಯದಲ್ಲೇ. ನಾನು ಬೋರ್ಡ್ ಕಡೆ ತಿರುಗಿಕೊಂಡೇ ಕೂತ್ಕೊಳಮ್ಮ ಅಂದಿದ್ದೆ.