ಹೊಟ್ಟೇನೇ ತೆಗೆಸ್ಕೊಂಡ ಮನೆತನ

ನಮ್ ಕಡೆ ಒಂದೇ ಮನೇಲಿ ಮೂರ್ನಾಲ್ಕು ಜನ ಒಂದೇ ಥರ ಹೋದ್ರೆ ಸಾಕು, ನಾಗದೋಷ ಇದೆ, ಯಾರದೋ ಜಮೀನು ನುಂಗಿರ್ಬೇಕು ಅಂತ ಊರೆಲ್ಲ ಶುರು ಹಚ್ಕೊಳ್ಳತ್ತೆ. ನ್ಯೂಜಿಲೆಂಡಲ್ಲೂ ಹಂಗೇ ಅಂತೆ. ತೌರಂಗಾ ಹತ್ರದ ಒಂದು ಮಾವೋರಿ, ಅಂದ್ರೆ ಅಲ್ಲಿನ ಮೂಲನಿವಾಸಿ ಕುಟುಂಬದಲ್ಲಿ 25ಕ್ಕೂ ಹೆಚ್ಚು ಜನ ಹೊಟ್ಟೆ ಕ್ಯಾನ್ಸರಿಗೆ ಹೋಗಿದ್ರು, ಅದ್ರಲ್ಲಿ ಒಬ್ರಿಗೆ ಬರೀ 14 ವರ್ಷ. ಶಾಪ ಅಂತ್ಲೇ ಕೆಲವ್ರು ನಂಬಿದ್ರು.

ಆದ್ರೆ ನಮ್ಮಲ್ಲಿ ಹೆಳವರು ಎತ್ತಿನ ಮೇಲೆ ಬಂದು ವಂಶಾವಳಿ ಒಪ್ಪಿಸ್ತಾರಲ್ಲ, ಹಂಗೆ ಮಾವೋರಿಗಳಲ್ಲೂ ವಂಶ ನೆನಪಿಟ್ಕೊಳ್ಳೋದು ದೊಡ್ಡ ವಿದ್ಯೆ, ಈ ಮನೆಯವ್ರು ಆ ಲೆಕ್ಕಾನೇ ಹಿಡ್ಕೊಂಡು ಒಟಾಗೊ ಯೂನಿವರ್ಸಿಟಿ ವಿಜ್ಞಾನಿಗಳ ಜೊತೆ ಕೂತ್ರು. 1998ರಲ್ಲಿ ಪ್ಯಾರಿ ಗಿಲ್‌ಫರ್ಡ್ ತಂಡ ಸಿಡಿಎಚ್1 ಅನ್ನೋ ಜೀನಲ್ಲಿರೋ ದೋಷ ಹಿಡೀತು. ಅಪ್ಪನಿಂದ್ಲೋ ಅಮ್ಮನಿಂದ್ಲೋ ಬರತ್ತೆ, ಒಂದೊಂದು ಮಗೂಗೂ ಫಿಫ್ಟಿ ಫಿಫ್ಟಿ ಚಾನ್ಸ್.

ಈ ಜೀನ್ ಮಾಡೋದು ಜೀವಕೋಶಗಳನ್ನ ಒಂದಕ್ಕೊಂದು ಅಂಟಿಸೋ ಗೋಂದು. ಅದು ಕೈಕೊಟ್ರೆ ಕೋಶಗಳು ಗಂಟು ಕಟ್ಟಲ್ಲ, ಹೊಟ್ಟೆ ಒಳಪದರದ ಅಡೀಲಿ ಒಂಟೊಂಟಿಯಾಗಿ ಚೆದುರಿಹೋಗ್ತವೆ. ಮೇಲ್ಮೈ ಮಾತ್ರ ನೀಟಾಗೇ ಇರತ್ತೆ! ಅದಕ್ಕೇ ಎಂಡೋಸ್ಕೋಪಿ ನಾರ್ಮಲ್ ಅಂತ ಬಂದ್ರೂ ಇವ್ರಿಗೆ ನೆಮ್ಮದಿ ಇಲ್ಲ, ನಂಗೆ ನಿಜಕ್ಕೂ ಹೆದರಿಕೆ ಆಗಿದ್ದು ಇದನ್ನ ಓದಿ, ಯಾಕಂದ್ರೆ ನಾವೆಲ್ಲ ರಿಪೋರ್ಟಲ್ಲಿ ನಾರ್ಮಲ್ ಅಂತ ಕಂಡ್ರೆ ಹೋಟ್ಲಿಗೆ ಹೋಗಿ ಮಸಾಲೆ ದೋಸೆ ತಿನ್ನೋ ಜನ. ಹೆಂಗಸ್ರಿಗೆ ಒಂದು ಥರದ ಸ್ತನ ಕ್ಯಾನ್ಸರ್ ಅಪಾಯಾನೂ ಜೊತೇಲೇ ಬರತ್ತೆ.

ಹಂಗಾಗಿ ಏನೂ ಆಗೋಕೆ ಮುಂಚೇನೇ, ಸಾಮಾನ್ಯವಾಗಿ 20ರಿಂದ 30 ವಯಸ್ಸೊಳಗೆ, ಪೂರ್ತಿ ಹೊಟ್ಟೇನ, ಅಂದ್ರೆ ಜಠರಾನೇ ತೆಗೆಸ್ಕೊಳ್ಳಿ ಅಂತಾರೆ ಡಾಕ್ಟ್ರು. ಅನ್ನನಾಳಾನ ಸೀದಾ ಸಣ್ಣ ಕರುಳಿಗೆ ಸೇರಿಸ್ತಾರೆ, ಆಮೇಲೆ ತುತ್ತು ತುತ್ತಾಗಿ ದಿನಕ್ಕೆ ಆರೇಳು ಸಲ ಊಟ, ವಿಟಮಿನ್ ಬಿ12 ಜೀವನಪೂರ್ತಿ ತಗೋಬೇಕು. ಅಲ್ಲಿನ ಹಾಡುಗಾರ ಸ್ಟಾನ್ ವಾಕರ್ 2017ರಲ್ಲಿ ತೆಗೆಸ್ಕೊಂಡಿದ್ದೂ ಇದೇ ಜೀನ್ ಕಾರಣಕ್ಕೆ.

ಹೊಟ್ಟೆ ಕ್ಯಾನ್ಸರಲ್ಲಿ ವಂಶದಿಂದ ಬರೋದು 100ಕ್ಕೆ ಒಂದೋ ಮೂರೋ ಅಷ್ಟೇ, ಲಿಂಚ್ ಸಿಂಡ್ರೋಮ್ ಅಂತ ವಂಶದಿಂದ್ಲೇ ಕ್ಯಾನ್ಸರ್ ಅಪಾಯ ತರೋ ಬೇರೆ ಜೀನ್ ದೋಷದ ಥರದ್ದೂ ಅದ್ರಲ್ಲಿ ಸೇರತ್ತೆ. ಹಂಗಂತ ಸುಮ್ನಿರಕ್ಕಾಗ್ದೆ ಅಮ್ಮಂಗೆ ಫೋನ್ ಮಾಡಿ, ನಿಮ್ಮಜ್ಜಿ ಯಾಕೆ ಹೋಗಿದ್ದು ಅಂತ ಕೇಳ್ದೆ.

"ಹೊಟ್ಟೆನೋವು ಬಂತು, ಊಟ ಸೇರ್ತಿರ್ಲಿಲ್ಲ, ಹೋದ್ರು."

ಎಷ್ಟು ವಯಸ್ಸಾಗಿತ್ತು?

"ನಂಗಾಗ ಲಂಗ ಹಾಕ್ಕೊಳ್ಳೋ ವಯಸ್ಸು ಕಣೋ, ಏನ್ ಗೊತ್ತು."