141 ಸೈಕಲ್‌ಗೇ ಸುಸ್ತಾದ ಬ್ಯಾಟರಿ: ಹಳೇ ಲ್ಯಾಪ್‌ಟಾಪಿನ ಜೊತೆ ಹನ್ನೆರಡು ವಾರ

ವಾರ 1

ಚಾರ್ಜರ್ ಕಿತ್ತು ಎರಡು ಗಂಟೆ ಆಗುವಷ್ಟರಲ್ಲಿ ಕೆಂಪು ಗೆರೆ. ಕೆಲವೊಮ್ಮೆ ಅದೂ ಇಲ್ಲ, ಶೇ 11 ಇದೆ ಎಂದು ತೋರಿಸುತ್ತಲೇ ಪಟ್ಟನೆ ಆರಿಹೋಗುತ್ತದೆ. ಲ್ಯಾಪ್‌ಟಾಪಿಗೆ ಈಗ ನಾಲ್ಕು ವರ್ಷ. ಹೊಸದು ತರೋಣ ಎಂಬ ಮಾತು ಎರಡು ಸಲ ಬಂದು ಹೋಯಿತು. ಅದಕ್ಕೂ ಮುಂಚೆ ಇದಕ್ಕೆ ಏನಾಗಿದೆ ಅಂತ ನೋಡಿಯೇ ಬಿಡೋಣ ಎಂದು ಈ ಟಿಪ್ಪಣಿ ಶುರು ಮಾಡಿದ್ದೇನೆ.

ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಪವರ್‌ಸಿಎಫ್‌ಜಿ ಎಂದು ಟೈಪಿಸಿ, ಒಂದು ಸ್ಪೇಸ್ ಬಿಟ್ಟು, ಸ್ಲ್ಯಾಶ್ ಹಾಕಿ ಬ್ಯಾಟರಿರಿಪೋರ್ಟ್ ಎಂದು ಕೊಟ್ಟರೆ ಒಂದು ಎಚ್‌ಟಿಎಂಎಲ್ ಫೈಲ್ ತಯಾರಾಗುತ್ತದೆ. ತೆರೆದರೆ ಬ್ಯಾಟರಿಯ ಜಾತಕವೇ ಅಲ್ಲಿದೆ. ನನ್ನದು ಹೊಸದಾಗಿದ್ದಾಗ 48,020 ಮಿಲಿವ್ಯಾಟ್ ಅವರ್ ಹಿಡಿಯಬೇಕಿತ್ತು. ಈಗ ಹಿಡಿಯುತ್ತಿರುವುದು 30,250. ಅಂದರೆ ಶೇ 63. ಅಷ್ಟು ಇಳಿದಿರಬಹುದು ಅಂತ ಅಂದಾಜಿತ್ತು. ತಲೆ ಕೆಡಿಸಿದ್ದು ಕೆಳಗಿನ ಸಾಲು: ಸೈಕಲ್ ಕೌಂಟ್ 141.

ಪೂರ್ತಿ ಒಂದು ಚಾರ್ಜ್‌ನಷ್ಟು ಖರ್ಚಾದರೆ ಒಂದು ಸೈಕಲ್. ಇವತ್ತು ಅರ್ಧ, ನಾಳೆ ಅರ್ಧ ಖರ್ಚಾದರೂ ಲೆಕ್ಕ ಒಂದೇ. ಲ್ಯಾಪ್‌ಟಾಪ್ ಬ್ಯಾಟರಿ ಸಾಮಾನ್ಯವಾಗಿ 300ರಿಂದ 500 ಸೈಕಲ್, ಕೆಲವು 1,000ದವರೆಗೂ ತಾಳುತ್ತವೆ. ನನ್ನದು ಅದರ ಅರ್ಧದಷ್ಟೂ ಓಡಿಲ್ಲ, ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಶಕ್ತಿ ಕಳೆದುಕೊಂಡಿದೆ. ದುಡಿದು ಸವೆದದ್ದಲ್ಲ ಇದು, ಕೂತಲ್ಲೇ ಸವೆದದ್ದು.

ನಾಲ್ಕು ವರ್ಷ ಇದು ಬಹುಪಾಲು ಮೇಜಿನ ಮೇಲೆ, ಚಾರ್ಜರ್ ಸಿಕ್ಕಿಸಿಕೊಂಡೇ ಇತ್ತು. ‘ಪಾಪ, ಬ್ಯಾಟರಿಗೆ ಕೆಲಸ ಕೊಡೋದು ಬೇಡ’ ಎಂಬ ನನ್ನ ಕಾಳಜಿ! ಬ್ಯಾಟರಿ ತುಂಬಿದ ಮೇಲೆ ಲ್ಯಾಪ್‌ಟಾಪ್ ಅಡಾಪ್ಟರ್‌ನಿಂದಲೇ ಓಡುತ್ತದೆ, ಒಂದೇ ಸಮನೆ ಚಾರ್ಜ್ ಆಗುತ್ತಲೇ ಇರುವುದಿಲ್ಲ, ಅದು ನಿಜ. ಆದರೆ ಶೇ 100ರಲ್ಲಿ ಒಂದೊಂದು ಸೆಲ್ಲೂ 4.2 ವೋಲ್ಟ್‌ನ ಆಸುಪಾಸಿನಲ್ಲಿ ನಿಂತಿರುತ್ತದೆ. ಆ ವೋಲ್ಟೇಜಿನಲ್ಲಿ ಒಳಗಿನ ಎಲೆಕ್ಟ್ರೋಲೈಟ್, ಅಂದರೆ ಲಿಥಿಯಮ್ ಓಡಾಡುವ ದ್ರವ, ಸುಮ್ಮನಿರುವುದಿಲ್ಲ, ನಿಧಾನಕ್ಕೆ ಕೆಡುತ್ತದೆ. ಗ್ರಾಫೈಟ್ ಕಡೆಯ ಎಲೆಕ್ಟ್ರೋಡ್ ಮೇಲಿರುವ ತೆಳು ಪದರ ದಪ್ಪವಾಗುತ್ತಾ, ಓಡಾಡಬೇಕಾದ ಲಿಥಿಯಮ್ಮನ್ನು ತನ್ನೊಳಗೇ ಹಿಡಿದಿಟ್ಟುಕೊಳ್ಳುತ್ತದೆ. ಬಿಸಿ ಸೇರಿದರೆ ಇದೆಲ್ಲ ಇನ್ನೂ ಬೇಗ. ತುಂಬಿದ ಬ್ಯಾಟರಿ, ಅದರ ಪಕ್ಕದಲ್ಲೇ ಕಾದ ಪ್ರೊಸೆಸರ್: ನಾಲ್ಕು ವರ್ಷ ನಾನು ಮಾಡಿದ ಉಪಚಾರ ಇದು.

ಪೂರ್ತಿ ಖಾಲಿ ಮಾಡಿಯೇ ಚಾರ್ಜಿಗೆ ಹಾಕಬೇಕು ಎಂಬ ಮಾತು ಈಗಲೂ ಕೇಳಿಬರುತ್ತದೆ. ಅದು ಹಳೇ ನಿಕಲ್-ಕ್ಯಾಡ್ಮಿಯಮ್ ಬ್ಯಾಟರಿಗಳ ಕಾಲದ್ದು. ಈಗಿನ ಲ್ಯಾಪ್‌ಟಾಪ್‌ಗಳಲ್ಲಿರುವ ಲಿಥಿಯಮ್-ಅಯಾನ್ ಬ್ಯಾಟರಿ 1991ರಲ್ಲಿ ಮಾರುಕಟ್ಟೆಗೆ ಬಂತು, ಅದನ್ನು ಸಾಧ್ಯವಾಗಿಸಿದ ಮೂವರಿಗೆ 2019ರಲ್ಲಿ ನೊಬೆಲ್ ಕೂಡ ಸಿಕ್ಕಿತು. ಆ ಸಲಹೆ ಮಾತ್ರ ಇನ್ನೂ ನಿವೃತ್ತಿಯಾಗಿಲ್ಲ.

ವಾರ 2

ಇವತ್ತು ಬಿಚ್ಚಿದೆ. ತಳದಲ್ಲಿ ಹತ್ತು ಸ್ಕ್ರೂ, ಅದರಲ್ಲಿ ಎರಡು ರಬ್ಬರ್ ಕಾಲಿನ ಅಡಿಯಲ್ಲಿ ಬಚ್ಚಿಟ್ಟುಕೊಂಡಿದ್ದವು. ಅವು ಗೊತ್ತಾಗುವ ಮುಂಚೆ ಮುಚ್ಚಳ ಎಬ್ಬಿಸಲು ಹೋಗಿ ಒಂದು ಪ್ಲಾಸ್ಟಿಕ್ ಕ್ಲಿಪ್ ಮುರಿದೆ. ಮುಂಭಾಗದ ಸ್ಕ್ರೂಗಳು ಗಿಡ್ಡ, ಹಿಂಭಾಗದವು ಉದ್ದ. ಕಾಗದದ ಮೇಲೆ ಲ್ಯಾಪ್‌ಟಾಪಿನ ಚಿತ್ರ ಬರೆದು, ಎಲ್ಲಿಂದ ತೆಗೆದೆನೋ ಅಲ್ಲಿಗೇ ಸೆಲ್ಲೋಟೇಪ್‌ನಿಂದ ಅಂಟಿಸಿಟ್ಟೆ. ಉದ್ದದ್ದನ್ನು ಗಿಡ್ಡದ ಜಾಗಕ್ಕೆ ತಿರುಗಿಸಿದರೆ ಮೇಲಿನ ಕವಚಕ್ಕೇ ತೂತು ಬೀಳಬಹುದು.

ಒಳಗೆ ಮೊದಲ ಕೆಲಸ ಬ್ಯಾಟರಿಯ ಕನೆಕ್ಟರ್ ಬಿಡಿಸುವುದು. ಬೇರೆಲ್ಲ ಆಮೇಲೆ.

ಫ್ಯಾನ್ ಮೇಲೆ ನೋಡಿದರೆ ಅಂಥಾ ಧೂಳೇನಿರಲಿಲ್ಲ. ನಿರಾಸೆಯೇ ಆಯಿತು. ಫ್ಯಾನಿನ ಮುಚ್ಚಳ ತೆಗೆದಾಗ ಗೊತ್ತಾಯಿತು: ಫ್ಯಾನ್ ಗಾಳಿ ಊದುವ ಕಡೆ, ತಾಮ್ರದ ತೆಳು ರೆಕ್ಕೆಗಳಿಗೆ ಆನಿಕೊಂಡು, ಹಳೇ ಕಂಬಳಿಯ ತುಂಡಿನ ಹಾಗೆ ಒಂದು ಬೂದು ಪಟ್ಟಿ. ಚಿಮಟದಲ್ಲಿ ಒಂದು ತುದಿ ಹಿಡಿದು ಎಳೆದೆ, ಇಡೀ ಪಟ್ಟಿ ಒಂದೇ ತುಂಡಾಗಿ ಕಿತ್ತು ಬಂತು. ಅಷ್ಟು ದಿನ ಫ್ಯಾನ್ ಗೋಡೆಗೆ ಊದುತ್ತಿತ್ತು! ಹೊರಗಿನಿಂದಲೇ ಗಾಳಿಯ ಡಬ್ಬಿ ಹಿಡಿದು ಊದಿದ್ದರೆ ಈ ಪಟ್ಟಿ ಒಳಗೇ ಚೂರಾಗಿ ಹರಡುತ್ತಿತ್ತೇ ಹೊರತು ಹೊರಬರುತ್ತಿರಲಿಲ್ಲ. ಉಳಿದ ಧೂಳಿಗೆ ಮಾತ್ರ ಗಾಳಿ ಹೊಡೆದೆ, ಫ್ಯಾನ್ ತಿರುಗದಂತೆ ಇಯರ್ ಬಡ್ ಕಡ್ಡಿ ಅಡ್ಡ ಕೊಟ್ಟು. ಬಿಟ್ಟರೆ ಅದು ಅಳತೆ ಮೀರಿ ಗಿರಗಿರನೆ ತಿರುಗಿ ಬೇರಿಂಗ್ ಹಾಳಾಗುತ್ತದೆ.

ಪ್ರೊಸೆಸರ್‌ನ ಬಿಸಿಯನ್ನು ತಾಮ್ರಕ್ಕೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಹಾಗೆ ಉದುರುತ್ತಿತ್ತು. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ ಹೊಸದು ಹಚ್ಚಿದೆ, ಅಕ್ಕಿಕಾಳಿನಷ್ಟು.

ಫಲ: ವಿಡಿಯೊ ಕಾಲ್‌ನಲ್ಲಿ 94 ಡಿಗ್ರಿ ಮುಟ್ಟುತ್ತಿದ್ದ ಪ್ರೊಸೆಸರ್ ಈಗ 76 ದಾಟುತ್ತಿಲ್ಲ. ಬಿಸಿ ಹೆಚ್ಚಾದಾಗ ಪ್ರೊಸೆಸರ್ ತಾನಾಗಿ ವೇಗ ತಗ್ಗಿಸಿಕೊಳ್ಳುತ್ತದೆ. ‘ಲ್ಯಾಪ್‌ಟಾಪ್ ಹಳೇದಾಯ್ತು, ನಿಧಾನ’ ಎಂದು ನಾನು ಬೈಯುತ್ತಿದ್ದುದರಲ್ಲಿ ಒಂದಿಷ್ಟು ಪಾಲು ಆ ಕಂಬಳಿ ತುಂಡಿನದು.

ವಾರ 3

ಇನ್ನು ಚಾರ್ಜ್‌ನ ಮಿತಿ: ಶೇ 100 ಮುಟ್ಟುವ ಮುಂಚೆಯೇ ಚಾರ್ಜ್ ನಿಲ್ಲಿಸುವ ಸೌಲಭ್ಯ. ಕೆಲವು ಕಂಪನಿಗಳು ಇದನ್ನು ತಮ್ಮ ಆ್ಯಪ್‌ನಲ್ಲಿ ಇಟ್ಟಿರುತ್ತವೆ, ಕೆಲವು ಬಯೋಸ್‌ನಲ್ಲಿ, ಅಂದರೆ ವಿಂಡೋಸ್ ಶುರುವಾಗುವ ಮುಂಚೆ ತೆರೆಯುವ ಸೆಟ್ಟಿಂಗ್ ಪರದೆಯಲ್ಲಿ. ಲೆನೊವೊದಲ್ಲಿ ಕನ್ಸರ್ವೇಶನ್ ಮೋಡ್, ಆಸುಸ್‌ನಲ್ಲಿ ಬ್ಯಾಟರಿ ಹೆಲ್ತ್ ಚಾರ್ಜಿಂಗ್. ಲಿನಕ್ಸ್‌ನಲ್ಲಿ ಟಿಎಲ್‌ಪಿ ಎಂಬ ತಂತ್ರಾಂಶ ಹಾಕಿಕೊಂಡರೆ ಹಲವು ಮಾದರಿಗಳಲ್ಲಿ ಆಗುತ್ತದೆ. ನನ್ನದು ಬಯೋಸ್‌ನಲ್ಲಿ ಮೂರು ಮೆನು ದಾಟಿದ ಮೇಲೆ ಸಿಕ್ಕಿತು. ನಾಲ್ಕು ವರ್ಷ ಅಲ್ಲೇ ಇತ್ತು, ಪುಣ್ಯಾತ್ಮ ನಾನು ನೋಡಿರಲಿಲ್ಲ. ಶೇ 80ಕ್ಕೆ ಕಟ್ಟಿದೆ.

ಮಿತಿ ಹಾಕುವ ಮೊದಲು ಒಂದೇ ಒಂದು ಸಲ ಪೂರ್ತಿ ತುಂಬಿಸಿ, ಎರಡು ಗಂಟೆ ಹಾಗೇ ಬಿಟ್ಟು, ತಾನಾಗಿ ಆರುವವರೆಗೂ ಬಳಸಿ, ಮತ್ತೆ ಪೂರ್ತಿ ತುಂಬಿಸಿದೆ. ಇದು ಬ್ಯಾಟರಿಗೆ ಒಳ್ಳೆಯದು ಅಂತಲ್ಲ. ಎಷ್ಟು ಉಳಿದಿದೆ ಎಂದು ಲೆಕ್ಕ ಇಡುವ ಚಿಪ್ ದಾರಿ ತಪ್ಪಿತ್ತು, ಅದಕ್ಕೇ ಶೇ 11ರಲ್ಲಿ ಆರುತ್ತಿದ್ದುದು. ಈಗ ವರದಿ 31,180 ಎನ್ನುತ್ತಿದೆ. ಬ್ಯಾಟರಿ ಬೆಳೆದಿಲ್ಲ, ಲೆಕ್ಕ ಸರಿಯಾಯಿತು ಅಷ್ಟೆ. ಶೇ 11ರ ಕಾಟ ಅವತ್ತಿಗೇ ಮುಗಿಯಿತು.

ವಾರ 5

ಹೋದ ಶಕ್ತಿ ವಾಪಸ್ ಬರುವುದಿಲ್ಲ. ಹಾಗಾಗಿ ಖರ್ಚಿನ ಕಡೆ ಕಣ್ಣು ಹಾಕಿದೆ. ಎಚ್‌ಡಬ್ಲ್ಯುಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಬ್ಯಾಟರಿಯಿಂದ ಈ ಕ್ಷಣ ಎಷ್ಟು ವ್ಯಾಟ್ ಹೋಗುತ್ತಿದೆ ಎಂದು ಕಾಣುತ್ತದೆ. ಏನೂ ಮಾಡದೆ ಸುಮ್ಮನೆ ಕೂತಾಗಲೇ 13.4 ವ್ಯಾಟ್! ಪರದೆಯ ಬೆಳಕನ್ನು ಶೇ 85ರಿಂದ 45ಕ್ಕೆ ಇಳಿಸಿದೆ, 11.2 ಆಯಿತು.

ಆಮೇಲೆ ಅರ್ಧ ದಿನ ಏನು ಮಾಡಿದರೂ ಇಳಿಯಲಿಲ್ಲ. ಒಂದೊಂದೇ ಪ್ರೋಗ್ರಾಂ ಮುಚ್ಚುತ್ತಾ ಹೋದೆ. ಕೊನೆಗೆ ಸಿಕ್ಕ ಕಳ್ಳ ಯಾರು ಗೊತ್ತೇ? ಎರಡು ವರ್ಷದ ಹಿಂದೆ ನಾನೇ ಪ್ರೀತಿಯಿಂದ ಹಾಕಿಕೊಂಡ, ಮಳೆ ಸುರಿಯುವ ಅನಿಮೇಟೆಡ್ ವಾಲ್‌ಪೇಪರ್. ಅದೊಂದಕ್ಕಾಗಿ ಗೇಮಿಂಗ್‌ಗೆಂದು ಇರುವ ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಹಗಲೂ ರಾತ್ರಿ ಎಚ್ಚರವಾಗಿರುತ್ತಿತ್ತು. ತೆಗೆದು ಹಾಕಿದ ತಕ್ಷಣ 8 ವ್ಯಾಟ್. ಬ್ರೌಸರ್‌ನಲ್ಲಿ ಬಳಸದ ಟ್ಯಾಬ್‌ಗಳನ್ನು ಮಲಗಿಸಿದ ಮೇಲೆ 7.2.

ಶೇ 80ರಿಂದ ಶುರು ಮಾಡಿದರೂ ಈಗ ಮೂರು ಗಂಟೆ ಧಾರಾಳವಾಗಿ ಬರುತ್ತದೆ. ಮೊದಲು ಶೇ 100 ತುಂಬಿದ್ದರೂ ಎರಡಕ್ಕೇ ಮುಗಿಯುತ್ತಿತ್ತು. ಮಳೆ ಬೇಕಾದರೆ ಕಿಟಕಿ ಇದೆ.

ವಾರ 6

ರಾತ್ರಿ ಮುಚ್ಚಿ ಬ್ಯಾಗಿಗೆ ಹಾಕಿದೆ, ಬೆಳಿಗ್ಗೆ ತೆಗೆದರೆ ಬೆಚ್ಚಗಿದೆ, ಶೇ 19 ಮಾಯ. ಈಗಿನ ಎಷ್ಟೋ ಲ್ಯಾಪ್‌ಟಾಪ್‌ಗಳು ಮುಚ್ಚಿದಾಗ ಪೂರ್ತಿ ಮಲಗುವುದಿಲ್ಲ. ಮೊಬೈಲಿನ ಹಾಗೆ ಒಂದು ಕಣ್ಣು ತೆರೆದುಕೊಂಡೇ ಇರುತ್ತವೆ, ಅಪ್‌ಡೇಟ್ ಬಂತೇ ಮೇಲ್ ಬಂತೇ ಅಂತ. ಗಾಳಿಯಾಡದ ಬ್ಯಾಗಿನೊಳಗೆ ಅದು ಎದ್ದು ಕೂತರೆ ಬಿಸಿಗೆ ಹೋಗಲು ದಾರಿಯಿಲ್ಲ. ಮುಚ್ಚಿದರೆ ಹೈಬರ್ನೇಟ್ ಆಗುವಂತೆ, ಅಂದರೆ ತೆರೆದ ಕೆಲಸವನ್ನೆಲ್ಲ ಡಿಸ್ಕ್‌ನಲ್ಲಿ ಉಳಿಸಿ ಪೂರ್ತಿ ಆರುವಂತೆ, ಬದಲಿಸಿದೆ. ತೆರೆದಾಗ ಇಪ್ಪತ್ತು ಸೆಕೆಂಡ್ ಕಾಯಬೇಕು. ಕಾಯುತ್ತೇನೆ.

ವಾರ 9

ಹೇಳುವಂಥದ್ದೇನಿಲ್ಲ. 31,140.

ವಾರ 12

31,060. ಸೈಕಲ್ 158. ಮೂರನೇ ವಾರದಿಂದ ಇಲ್ಲಿಯವರೆಗೆ ಕಳೆದದ್ದು 120 ಮಿಲಿವ್ಯಾಟ್ ಅವರ್. ಇದು ಚಿಪ್ ಮಾಡುವ ಅಂದಾಜು, ಒಂದಿಷ್ಟು ಆಚೀಚೆ ಇರುತ್ತದೆ. ಆದರೂ ಮೊದಲಿನ ಇಳಿಜಾರು ಈಗಿಲ್ಲ.

ತಿಂಗಳಿಗೊಮ್ಮೆ ಇನ್ನೊಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಹಳೇ ಬ್ಯಾಟರಿ ಒಳಗೆ ಅನಿಲ ತುಂಬಿ ಉಬ್ಬಬಹುದು. ಟ್ರ್ಯಾಕ್‌ಪ್ಯಾಡ್ ಬಿಗಿಯಾಗುವುದು, ಸಮತಟ್ಟು ಮೇಜಿನ ಮೇಲೆ ಲ್ಯಾಪ್‌ಟಾಪ್ ಅಲ್ಲಾಡುವುದು ಅದರ ಲಕ್ಷಣ. ಉಬ್ಬಿದ್ದು ಕಂಡರೆ ಚಾರ್ಜ್ ಮಾಡುವುದು ನಿಲ್ಲಿಸಬೇಕು, ಒತ್ತುವುದು ಚುಚ್ಚುವುದು ಮಾಡಲೇಬಾರದು. ನಿನ್ನೆ ಮೇಜಿನ ಮೇಲಿಟ್ಟು ನಾಲ್ಕೂ ಮೂಲೆ ಮುಟ್ಟಿ ನೋಡಿದೆ. ಬಲಗಡೆ ಹಿಂದಿನ ಮೂಲೆ ಟಕ್ ಅಂತ ಕುಣಿಯಿತು. ಎದೆ ಧಸಕ್ ಎಂದಿತು. ಆರಿಸಿ, ಮೆಲ್ಲಗೆ ತಿರುಗಿಸಿ ನೋಡಿದರೆ ಆ ಮೂಲೆಯ ರಬ್ಬರ್ ಕಾಲೇ ಇಲ್ಲ. ಎರಡನೇ ವಾರ ಬಿಚ್ಚಿದಾಗ ತೆಗೆದದ್ದು, ಸ್ಕ್ರೂಗಳ ಕಾಗದದ ಮೇಲೆ ಸೆಲ್ಲೋಟೇಪ್ ಅಡಿಯಲ್ಲಿ ಇನ್ನೂ ಹಾಗೇ ಕೂತಿತ್ತು.